ನೀರು ಕೊಟ್ಟದ್ದು, ಉಪ್ಪು ಕಸಿದದ್ದು

ಶಾಲೆಯಲ್ಲಿ ನಾವೆಲ್ಲ ಓದಿದ ಇತಿಹಾಸದ ಪಾಠ ಒಂದುಂಟು: ಪ್ರಾಚೀನ ನಾಗರಿಕತೆಗಳು ನದಿಗಳ ದಂಡೆಯ ಮೇಲೆ ಹುಟ್ಟಿದವು. ನೈಲ್ ನದಿಯ ಈಜಿಪ್ಟ್, ಸಿಂಧೂ ಕಣಿವೆಯ ಹರಪ್ಪ, ಹ್ವಾಂಗ್‌ಹೊ ನದಿಯ ಚೀನಾ, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ಮೆಸೊಪೊಟೇಮಿಯ. ನದಿಯಿದ್ದರೆ ನೀರು, ನೀರಿದ್ದರೆ ಬೆಳೆ, ಬೆಳೆಯಿದ್ದರೆ ಊರು, ಊರಿದ್ದರೆ ನಾಗರಿಕತೆ. ಪರೀಕ್ಷೆಯಲ್ಲಿ ಐದು ಅಂಕ ಗಳಿಸಲು ಇಷ್ಟು ಬರೆದರೆ ಸಾಕಾಗುತ್ತಿತ್ತು.

ಇರಾಕ್ ದೇಶದ ದಕ್ಷಿಣ ಭಾಗದಲ್ಲಿ ಇಂದು ವರ್ಕಾ ಎಂದು ಕರೆಯುವ ಒಂದು ಜಾಗವಿದೆ. ಕಣ್ಣು ಹಾಯುವಷ್ಟು ದೂರ ಬರಡು ಬಯಲು, ನಡುವೆ ಮಣ್ಣಿನ ದಿಬ್ಬಗಳು, ಕಾಲಿಟ್ಟಲ್ಲೆಲ್ಲ ಮಡಕೆಯ ಚೂರುಗಳು. ಯೂಫ್ರೆಟಿಸ್ ನದಿ ಈಗ ಇಲ್ಲಿಂದ ಹಲವು ಕಿಲೋಮೀಟರ್ ಪಶ್ಚಿಮಕ್ಕೆ ಸರಿದಿದೆ. ಇದೇ ಒಂದು ಕಾಲದ ಉರುಕ್. ಕ್ರಿ.ಪೂ. 2900ರ ಹೊತ್ತಿಗೆ ಇದರ ಸುತ್ತ ಸುಮಾರು 9 ಕಿಲೋಮೀಟರ್ ಉದ್ದದ ಕೋಟೆಗೋಡೆ ಇತ್ತು. ಒಳಗೆ ಸುಮಾರು ಐದೂವರೆ ಚದರ ಕಿಲೋಮೀಟರ್ ವಿಸ್ತಾರದ ನಗರವಿತ್ತು. ಆ ಕಾಲದ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಊರು ಮತ್ತೊಂದಿದ್ದ ಸುಳಿವಿಲ್ಲ.

ನದಿ ನಾಗರಿಕತೆಯನ್ನು ಕೊಟ್ಟಿತು ಎನ್ನುವುದಾದರೆ, ಅದೇ ನದಿಯ ಬಯಲು ಹೀಗೆ ಬರಡಾದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದಾಗ ತಿಳಿಯುವುದೇನೆಂದರೆ, ನದಿ ಕೊಡುವುದು ನೀರನ್ನು ಮಾತ್ರ. ಉಳಿದುದನ್ನೆಲ್ಲ ಮನುಷ್ಯ ದುಡಿದು ಸಂಪಾದಿಸಬೇಕು. ಆ ದುಡಿಮೆಯ ಅರ್ಧವನ್ನು ಕಲಿತು ಇನ್ನರ್ಧವನ್ನು ಮರೆತರೆ ನೀರೇ ನೆಲವನ್ನು ಕೆಡಿಸುತ್ತದೆ.

ಹೊತ್ತು ತಪ್ಪಿ ಬರುವ ಪ್ರವಾಹ

ಮೆಸೊಪೊಟೇಮಿಯ ಎಂದರೆ ಗ್ರೀಕ್ ಭಾಷೆಯಲ್ಲಿ ನದಿಗಳ ನಡುವಣ ನಾಡು. ಹೆಸರು ಕೇಳಿದರೆ ನಮ್ಮ ಕೃಷ್ಣಾ–ತುಂಗಭದ್ರಾ ನಡುವಣ ರಾಯಚೂರು ದೋಆಬಿನ ನೆನಪಾಗುತ್ತದೆ. ಈ ನಾಡಿನ ದಕ್ಷಿಣದ ತುದಿಯೇ ಸುಮೇರ್. ಇಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗಿಂತ ಕಡಿಮೆ. ಮಳೆಯನ್ನೇ ನಂಬಿ ಬೆಳೆ ತೆಗೆಯುವುದು ಅಸಾಧ್ಯ. ಕಲ್ಲಿಲ್ಲ, ಲೋಹವಿಲ್ಲ, ಒಳ್ಳೆಯ ಮರವಿಲ್ಲ. ಇದ್ದದ್ದು ಮಣ್ಣು, ಜೊಂಡು, ಎರಡು ನದಿಗಳು.

ಆ ನದಿಗಳಾದರೂ ಸುಲಭದವಲ್ಲ. ಈಜಿಪ್ಟಿನ ನೈಲ್ ನದಿಯೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಇಥಿಯೋಪಿಯದ ಬೆಟ್ಟಗಳ ಮೇಲೆ ಮಳೆ ಸುರಿದು ನೈಲ್ ಉಕ್ಕುತ್ತಿದ್ದುದು ಆಗಸ್ಟ್–ಸೆಪ್ಟೆಂಬರಿನಲ್ಲಿ. ಮಳೆಗಾಲ ಮುಗಿದು ನೀರು ಇಳಿಯುವ ಹೊತ್ತಿಗೆ ಹೊಲದಲ್ಲಿ ಹೊಸ ಮೆಕ್ಕಲು ಮಣ್ಣು ಹದವಾಗಿ ನೆನೆದು ಸಿದ್ಧವಾಗಿರುತ್ತಿತ್ತು. ರೈತ ಬೀಜ ಚೆಲ್ಲಿದರಾಯಿತು. ಪಂಚಾಂಗ ನೋಡಿಕೊಂಡು ಬರುವ ನೆಂಟನ ಹಾಗೆ ಬಂದು, ಹೊತ್ತಿಗೆ ಸರಿಯಾಗಿ ಹೊರಡುವ ನದಿ ಅದು.

ಟೈಗ್ರಿಸ್, ಯೂಫ್ರೆಟಿಸ್‌ಗಳ ಕಥೆ ಬೇರೆ. ಇವುಗಳಲ್ಲಿ ನೀರು ಏರುವುದು ಟರ್ಕಿಯ ಬೆಟ್ಟಗಳಲ್ಲಿ ಹಿಮ ಕರಗಿದಾಗ, ಅಂದರೆ ಏಪ್ರಿಲ್–ಮೇ ತಿಂಗಳಲ್ಲಿ. ಸುಮೇರಿನ ಮುಖ್ಯ ಬೆಳೆಯಾದ ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ಬಿತ್ತುತ್ತಿದ್ದುದು ಚಳಿಗಾಲಕ್ಕೆ ಮುಂಚೆ. ಆಗ ನದಿ ಸೊರಗಿರುತ್ತಿತ್ತು. ಕೊಯ್ಲು ಮಾಡುತ್ತಿದ್ದುದು ಏಪ್ರಿಲ್ ಸುಮಾರಿಗೆ. ಆಗ ನದಿ ಉಕ್ಕುತ್ತಿತ್ತು. ಬೇಕಾದಾಗ ನೀರಿಲ್ಲ, ತೆನೆ ಬಲಿತು ನಿಂತಾಗ ಪ್ರವಾಹ. ನೀರನ್ನು ಒಂದು ಕಾಲದಲ್ಲಿ ಎಳೆದು ತರಬೇಕು, ಇನ್ನೊಂದು ಕಾಲದಲ್ಲಿ ತಡೆದು ನಿಲ್ಲಿಸಬೇಕು. ಎರಡಕ್ಕೂ ಒಬ್ಬನ ರಟ್ಟೆ ಸಾಲದು.

ಒಂದು ಅನುಕೂಲವೂ ಇತ್ತು. ಈ ನದಿಗಳು ಹೊತ್ತು ತರುವ ಹೂಳು ಅಪಾರ. ಸಾವಿರಾರು ವರ್ಷ ಹೂಳು ತುಂಬಿ ನದಿಯ ಪಾತ್ರವೂ ದಂಡೆಯೂ ಸುತ್ತಲಿನ ಬಯಲಿಗಿಂತ ಎತ್ತರಕ್ಕೆ ಏರಿದ್ದವು. ದಂಡೆಯನ್ನು ಒಂದು ಕಡೆ ಕಡಿದರೆ ನೀರು ತಾನಾಗಿ ಹೊಲದತ್ತ ಇಳಿಯುತ್ತಿತ್ತು. ದಂಡೆಯ ಎತ್ತರದಲ್ಲಿ ಖರ್ಜೂರದ ತೋಪು, ಇಳಿಜಾರಿನಲ್ಲಿ ಬಾರ್ಲಿಯ ಹೊಲ, ಅದರಾಚೆ ತಗ್ಗಿನಲ್ಲಿ ಮೀನು, ಹಕ್ಕಿ, ಜೊಂಡು ತುಂಬಿದ ಜೌಗು. ಸುಮೇರಿನ ಊರುಗಳು ಬೆಳೆದದ್ದು ಈ ಮೂರನ್ನೂ ಬಳಸಿಕೊಂಡು. ನೀರನ್ನು ಎತ್ತುವುದಕ್ಕೆ ಮುಂದೆ ಏತವೂ ಬಂತು, ಕ್ರಿ.ಪೂ. 2300ರ ಆಸುಪಾಸಿನ ಒಂದು ಮುದ್ರೆಯಲ್ಲಿ ಏತದ ಚಿತ್ರವಿದೆ.

ಇಂಥ ಕಾಲುವೆಗಳನ್ನು ತೋಡಲು ದೊಡ್ಡ ಸರ್ಕಾರವೇ ಬೇಕು, ಆದ್ದರಿಂದ ನೀರಾವರಿಯೇ ನಿರಂಕುಶ ರಾಜರನ್ನು ಹುಟ್ಟಿಸಿತು ಎಂದು ಕಾರ್ಲ್ ವಿಟ್‌ಫೋಗೆಲ್ ಎಂಬ ವಿದ್ವಾಂಸ 1957ರಲ್ಲಿ ವಾದಿಸಿದ. ಆದರೆ ಅಮೆರಿಕದ ಪುರಾತತ್ವಜ್ಞ ರಾಬರ್ಟ್ ಆಡಮ್ಸ್ ಇರಾಕಿನ ಬಯಲನ್ನು ವರ್ಷಗಟ್ಟಲೆ ಸುತ್ತಿ, ವಿಮಾನದಿಂದ ತೆಗೆದ ಚಿತ್ರಗಳನ್ನು ಪರಿಶೀಲಿಸಿ ತೋರಿಸಿದ್ದು ಬೇರೆ. ಮೊದಮೊದಲ ಕಾಲುವೆಗಳು ಚಿಕ್ಕವು. ಒಂದೊಂದು ಊರಿನವರು, ಒಂದೊಂದು ಕುಲದವರು ಕೂಡಿ ಮಾಡಿಕೊಂಡವು. ರಾಜರು ಬಂದ ಮೇಲೆಯೇ ದೊಡ್ಡ ಕಾಲುವೆಗಳು ಬಂದವು. ಸುಮೇರಿನ ಅತಿ ಹಳೆಯ ಊರುಗಳಲ್ಲೊಂದಾದ ಎರಿದು ಎಂಬಲ್ಲಿ ನದಿ ಬೇರೆ ಕಡೆಗೆ ಹರಿದು ಹೋದ ಕಾರಣ ಹಳೆಯ ಹೊಲಗಳು ಹಾಗೆಯೇ ಉಳಿದಿವೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿ 200ಕ್ಕೂ ಹೆಚ್ಚು ದೊಡ್ಡ ಕಾಲುವೆಗಳನ್ನೂ 4,000ಕ್ಕೂ ಹೆಚ್ಚು ಕಿರುಗಾಲುವೆಗಳನ್ನೂ ಗುರುತಿಸಿದೆ. ಎಲ್ಲವೂ ಒಂದೇ ಕಾಲದವಲ್ಲ. ಹಳೆಯದು ಹೂಳು ತುಂಬಿದಾಗ ಪಕ್ಕದಲ್ಲಿ ಹೊಸದು ತೋಡುತ್ತ, ತಲೆಮಾರುಗಳ ಕಾಲ ನಡೆದ ಕೆಲಸ ಅದು.

ಈ ಕೆಲಸ ಎಷ್ಟು ಸಾಕುಮಾಡಿತ್ತು ಎನ್ನುವುದಕ್ಕೆ ಬ್ಯಾಬಿಲೋನಿನ ಅತ್ರಹಾಸಿಸ್ ಎಂಬ ಪುರಾಣಕಾವ್ಯವೇ ಸಾಕ್ಷಿ. ಅದರ ಪ್ರಕಾರ ಮನುಷ್ಯರು ಹುಟ್ಟುವ ಮೊದಲು ಕಾಲುವೆ ತೋಡುವ ಕೆಲಸ ಕಿರಿಯ ದೇವತೆಗಳ ಪಾಲಿಗೆ ಬಂದಿತ್ತು. ಟೈಗ್ರಿಸ್, ಯೂಫ್ರೆಟಿಸ್‌ಗಳನ್ನು ತೋಡಿ ತೋಡಿ ಬೇಸತ್ತ ಅವರು ಒಂದು ದಿನ ಸಲಕರಣೆಗಳಿಗೆ ಬೆಂಕಿಯಿಟ್ಟು ಮುಷ್ಕರ ಹೂಡಿದರು. ಅವರ ಬದಲಿಗೆ ದುಡಿಯಲೆಂದೇ ಮನುಷ್ಯನನ್ನು ಜೇಡಿಮಣ್ಣಿನಿಂದ ಸೃಷ್ಟಿಸಲಾಯಿತಂತೆ. ಮನುಷ್ಯ ಹುಟ್ಟಿದ್ದೇ ಹೂಳೆತ್ತುವುದಕ್ಕೆ ಎಂದು ನಂಬಿದ ಜನರ ದಿನಚರಿ ಹೇಗಿದ್ದಿರಬೇಕು ಎಂದು ನಾವು ಊಹಿಸಬಹುದು.

ಲೆಕ್ಕದಿಂದ ಹುಟ್ಟಿದ ಅಕ್ಷರ

ನೀರು ಹದವಾಗಿ ಸಿಕ್ಕಿದಾಗ ಆ ಮೆಕ್ಕಲು ಮಣ್ಣು ಕೊಟ್ಟ ಫಸಲು ಸಣ್ಣದಲ್ಲ. ಬೆಳೆದವನ ಮನೆಗೆ ಬೇಕಾದುದಕ್ಕಿಂತ ಹೆಚ್ಚು ಧಾನ್ಯ ಬಂದಿತು. ಹೆಚ್ಚಾದ ಧಾನ್ಯ ದೇವಾಲಯದ ಕಣಜ ಸೇರಿತು. ಕುಂಬಾರ, ನೇಕಾರ, ಕಂಚುಗಾರ, ಪೂಜಾರಿ, ಕಾವಲುಗಾರ, ಇವರೆಲ್ಲರಿಗೂ ಅನ್ನ ಹೋಗಬೇಕಾದದ್ದು ಆ ಕಣಜದಿಂದ. ಯಾರು ಎಷ್ಟು ತಂದರು, ಯಾರಿಗೆ ಎಷ್ಟು ಹೋಯಿತು, ಯಾರ ಬಾಕಿ ಎಷ್ಟು? ನೂರು ಮನೆಗಳ ಹಳ್ಳಿಯಲ್ಲಿ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬಹುದು. ಹತ್ತಾರು ಸಾವಿರ ಜನರ ಊರಿನಲ್ಲಿ ಆಗುವುದಿಲ್ಲ.

ಉರುಕಿನ ದೇವಾಲಯದ ಆವರಣವನ್ನು ಜರ್ಮನ್ ಪುರಾತತ್ವಜ್ಞರು ಅಗೆದಾಗ ಜೇಡಿಮಣ್ಣಿನ ಪುಟ್ಟ ಫಲಕಗಳು ಸಿಕ್ಕವು. ಕ್ರಿ.ಪೂ. 3300ರಿಂದ 3000ದ ನಡುವಿನ ಇಂಥ ಫಲಕಗಳೂ ಚೂರುಗಳೂ ಸೇರಿ ಉರುಕಿನಲ್ಲಿ ದೊರೆತವು ಸುಮಾರು 5,000. ಇದು ನಮಗೆ ತಿಳಿದಿರುವ ಅತ್ಯಂತ ಹಳೆಯ ಬರವಣಿಗೆ. ಅದರಲ್ಲಿ ಏನಿದೆ? ದೇವರ ಸ್ತೋತ್ರವಿಲ್ಲ, ರಾಜನ ಪ್ರಶಸ್ತಿಯಿಲ್ಲ, ಪ್ರೇಮದ ಕವಿತೆಯೂ ಇಲ್ಲ. ಹತ್ತರಲ್ಲಿ ಎಂಟು ಒಂಬತ್ತು ಪಾಲು ಬರೀ ಲೆಕ್ಕ: ಇಷ್ಟು ಬಾರ್ಲಿ, ಇಷ್ಟು ಬಿಯರ್, ಇಷ್ಟು ಕುರಿ, ಇಷ್ಟು ಕೂಲಿಯಾಳು, ಇಷ್ಟು ಅಳತೆಯ ಹೊಲ. ಉಳಿದವು ಬರೆಯಲು ಕಲಿಯುವವರಿಗಾಗಿ ಮಾಡಿದ ಪದಗಳ ಪಟ್ಟಿಗಳು. ಜೌಗಿನ ಜೊಂಡನ್ನೇ ಕತ್ತರಿಸಿ ಲೇಖನಿ ಮಾಡಿ, ಹೊಲದ ಮಣ್ಣನ್ನೇ ತಟ್ಟಿ ಹಾಳೆ ಮಾಡಿ ಬರೆದ ಈ ಗುರುತುಗಳೇ ಮುಂದೆ ಬೆಣೆಯಾಕಾರದ ಕ್ಯೂನಿಫಾರಂ ಲಿಪಿಯಾಗಿ ಬೆಳೆದವು. ಕಾವ್ಯ ಬರೆಯುವಷ್ಟು ಅದು ಪಳಗುವುದಕ್ಕೆ ಇನ್ನೂ ಹಲವು ಶತಮಾನ ಬೇಕಾಯಿತು. ಶಾನುಭೋಗ ಕವಿಗಿಂತ ಮೊದಲು ಬಂದ.

ಅದೇ ಕಾಲದ ಇನ್ನೊಂದು ವಸ್ತು ಉರುಕಿನಲ್ಲಿ ರಾಶಿರಾಶಿಯಾಗಿ ಸಿಗುತ್ತದೆ. ಅಂಚು ಓರೆಯಾದ, ಒರಟಾದ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯ ಮಣ್ಣಿನ ಬಟ್ಟಲು. ಕೂಲಿಯವರಿಗೆ ಪಡಿ ಅಳೆದು ಕೊಡಲು ಬಳಸಿದ್ದು ಇದನ್ನೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಸುಮೇರಿನ ಬರಹದಲ್ಲಿ ‘ತಿನ್ನು’ ಎನ್ನುವುದಕ್ಕಿದ್ದ ಚಿಹ್ನೆ ಮನುಷ್ಯನ ತಲೆ, ಅದರ ಬಾಯಿಯ ಬಳಿ ಒಂದು ಬಟ್ಟಲು. ಮುಂದೆ ಕ್ರಿ.ಪೂ. 2100ರ ಸುಮಾರಿನ ಊರ್ ಅರಸರ ಕಾಲದ ಲೆಕ್ಕಪತ್ರಗಳಲ್ಲಿ ಪಡಿಯ ಪ್ರಮಾಣ ನಿಗದಿಯಾಗಿದೆ: ಗಂಡಾಳಿಗೆ ತಿಂಗಳಿಗೆ 60 ಸಿಲ ಬಾರ್ಲಿ, ಹೆಣ್ಣಾಳಿಗೆ 30. ಸಿಲ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್. ಕಾಲುವೆ ನಾಡಿಗೆ ಸಮೃದ್ಧಿ ತಂದಿತು, ನಿಜ. ಆ ಸಮೃದ್ಧಿಯನ್ನು ಅಳೆಯುವ ಸೇರು ಯಾರ ಕೈಯಲ್ಲಿತ್ತು, ಬಟ್ಟಲು ಯಾರ ಕೈಯಲ್ಲಿತ್ತು ಎನ್ನುವುದನ್ನೂ ಈ ಫಲಕಗಳು ಮುಚ್ಚಿಡದೆ ಹೇಳುತ್ತವೆ.

ನೀರಿನ ಜಗಳ, ನೀರಿನ ಕಾನೂನು

ನೀರಿನ ಪಾಲಿನ ಜಗಳ ಎಂದರೇನು ಎಂದು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಂಥ ಜಗಳಗಳಲ್ಲಿ ಬರವಣಿಗೆಯ ದಾಖಲೆ ಉಳಿದಿರುವ ಅತಿ ಹಳೆಯದು ಸುಮೇರಿನದೇ. ಲಗಶ್ ಮತ್ತು ಉಮ್ಮ ಎಂಬ ಎರಡು ನೆರೆ ರಾಜ್ಯಗಳ ನಡುವೆ ಗುಎದೆನ ಎಂಬ ಫಲವತ್ತಾದ ಬಯಲಿತ್ತು. ಕಿಶ್ ಎಂಬ ಊರಿನ ಅರಸ ಮೆಸಿಲಿಮ್ ಮಧ್ಯಸ್ಥಿಕೆ ವಹಿಸಿ ಗಡಿಕಲ್ಲು ನೆಡಿಸಿದ. ಉಮ್ಮದವರು ಅದನ್ನು ಕಿತ್ತರು. ಕ್ರಿ.ಪೂ. 2450ರ ಸುಮಾರಿನಲ್ಲಿ ಲಗಶ್‌ನ ಎಅನ್ನತುಮ್ ಯುದ್ಧ ಮಾಡಿ ಗೆದ್ದು ಕಲ್ಲಿನಲ್ಲಿ ವಿಜಯಸ್ತಂಭ ಕೆತ್ತಿಸಿದ. ಸತ್ತವರ ತಲೆಗಳನ್ನು ಹದ್ದುಗಳು ಕಚ್ಚಿಕೊಂಡು ಹಾರುವ ಚಿತ್ರ ಅದರಲ್ಲಿದೆ. ಅದರ ಚೂರುಗಳು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ.

ಗೆದ್ದವರು ಉಮ್ಮದವರಿಗೆ ಆ ಬಯಲಿನ ಒಂದು ಭಾಗವನ್ನು ಉಳಲು ಬಿಟ್ಟು, ಬದಲಿಗೆ ಬಾರ್ಲಿ ಕೇಳಿದರು. ಕೊಡದೆ ಉಳಿದ ಬಾರ್ಲಿಗೆ ಬಡ್ಡಿ, ಬಡ್ಡಿಗೆ ಬಡ್ಡಿ ಸೇರಿ ಅದು ತೀರಿಸಲಾಗದ ಸಾಲವಾಯಿತು. ಆಗ ಉಮ್ಮದವರು ಗಡಿಯ ಕಾಲುವೆಗಳ ನೀರನ್ನೇ ತಿರುಗಿಸಿದರು. ಈ ಇಡೀ ವ್ಯಾಜ್ಯದ ಚರಿತ್ರೆಯನ್ನು ಲಗಶ್‌ನ ಮುಂದಿನ ಅರಸ ಎನ್ಮೆತೆನ ಮಣ್ಣಿನ ಶಂಕುವಿನ ಮೇಲೆ ಬರೆಸಿಟ್ಟಿದ್ದಾನೆ. ಅದು ಗೆದ್ದವರ ಕಡೆಯ ವಕಾಲತ್ತು ಎನ್ನುವುದನ್ನು ನಾವು ಮರೆಯಬಾರದು. ಕೊನೆಗೆ ಕ್ರಿ.ಪೂ. 2350ರ ಆಸುಪಾಸಿನಲ್ಲಿ ಉಮ್ಮದ ಲುಗಲ್‌ಜಗೆಸಿ ಲಗಶನ್ನು ಸುಟ್ಟ. ಅವನನ್ನು ಅಕ್ಕಾಡದ ಸಾರ್ಗೊನ್ ಸೆರೆಹಿಡಿದ. ನೆರೆಹೊರೆಯವರು ಹೊಡೆದಾಡಿ ದಣಿದಾಗ ನಾಡು ಮೂರನೆಯವನ ಪಾಲಾಯಿತು.

ಜಗಳದಿಂದ ಕಾನೂನು ಹುಟ್ಟಿತು. ಕ್ರಿ.ಪೂ. 2100ರ ಸುಮಾರಿನ ಉರ್‌ನಮ್ಮುವಿನ ಕಟ್ಟಳೆ ನಮಗೆ ಸಿಕ್ಕಿರುವ ಅತಿ ಹಳೆಯ ಕಾನೂನು ಸಂಹಿತೆ. ಒಬ್ಬನ ಹೊಲಕ್ಕೆ ಇನ್ನೊಬ್ಬ ನೀರು ನುಗ್ಗಿಸಿ ಕೆಡಿಸಿದರೆ ಒಂದು ಇಕು ಹೊಲಕ್ಕೆ ಮೂರು ಗುರ್ ಬಾರ್ಲಿ ಅಳೆದು ಕೊಡಬೇಕೆಂದು ಅದರಲ್ಲಿದೆ. ಇಂದಿನ ಅಳತೆಯಲ್ಲಿ ಎಕರೆಗಿಂತ ತುಸು ಕಡಿಮೆ ಹೊಲಕ್ಕೆ ಸುಮಾರು 900 ಲೀಟರ್ ಧಾನ್ಯ. ಗುತ್ತಿಗೆಗೆ ಪಡೆದ ಹೊಲವನ್ನು ಉಳದೆ ಹಾಳುಬಿಟ್ಟವನಿಗೂ ಇಷ್ಟೇ ದಂಡ. ಕ್ರಿ.ಪೂ. 1792ರಿಂದ 1750ರವರೆಗೆ ಬ್ಯಾಬಿಲೋನನ್ನು ಆಳಿದ ಹಮ್ಮುರಾಬಿಯ ಶಾಸನ ಇನ್ನೂ ಖಡಕ್ಕಾಗಿದೆ. ಸೋಮಾರಿತನದಿಂದ ತನ್ನ ಪಾಲಿನ ಏರಿಯನ್ನು ಭದ್ರಪಡಿಸದೆ, ಅದು ಒಡೆದು ನೆರೆಯವರ ಬೆಳೆ ಕೊಚ್ಚಿಹೋದರೆ, ಆ ಧಾನ್ಯವನ್ನು ಅವನು ತುಂಬಿಕೊಡಬೇಕು. ಕೊಡಲಾಗದಿದ್ದರೆ ಅವನನ್ನೂ ಅವನ ಸೊತ್ತನ್ನೂ ಮಾರಿ, ಬಂದ ಹಣವನ್ನು ಬೆಳೆ ಕಳೆದುಕೊಂಡವರು ಹಂಚಿಕೊಳ್ಳಬೇಕು.

ಹಮ್ಮುರಾಬಿ ತನ್ನ ಅಧಿಕಾರಿ ಸಿನ್‌ಇದ್ದಿನಂಗೆ ಬರೆಸಿದ ಪತ್ರಗಳು ಉಳಿದಿವೆ. ಕಾಲುವೆಯ ಬದಿಯಲ್ಲಿ ಹೊಲವಿರುವವರನ್ನೆಲ್ಲ ಕರೆಸಿ, ಈ ತಿಂಗಳೊಳಗೆ ಹೂಳೆತ್ತಿಸಿ ಮುಗಿಸು ಎಂಬರ್ಥದ ಆಜ್ಞೆ ಅವುಗಳಲ್ಲೊಂದು. ಸಾಮ್ರಾಟನೊಬ್ಬ ಹೂಳಿನ ವಿಷಯಕ್ಕೆ ಗಡುವು ಹಾಕಿ ಕಾಗದ ಬರೆಸುತ್ತಿದ್ದ. ತನ್ನ ಆಳ್ವಿಕೆಯ 33ನೆಯ ವರ್ಷಕ್ಕೆ ತಾನು ತೋಡಿಸಿದ ಕಾಲುವೆಯ ಹೆಸರನ್ನೇ ಇಟ್ಟ. ನಮ್ಮ ಹಳೆ ಮೈಸೂರಿನ ಕೆರೆಗಳ ತೂಬಿನ ಬಳಿ ನೀರುಗಂಟಿ ಇದ್ದ ಹಾಗೆ ಅಲ್ಲಿ ಗುಗಲ್ಲು ಎಂಬ ಕಾಲುವೆಯ ಅಧಿಕಾರಿ ಇದ್ದ. ಆ ಹುದ್ದೆಗೆ ಎಷ್ಟು ಗೌರವವೆಂದರೆ ದೇವತೆಗಳನ್ನೂ ಅದೇ ಬಿರುದಿನಿಂದ ಕರೆಯುತ್ತಿದ್ದರು.

ನೆಲ ಬೆಳ್ಳಗಾದಾಗ

ಇಷ್ಟೆಲ್ಲ ಜಾಣತನವಿದ್ದ ಜನರಿಗೆ ಕೇಡು ಬಂದದ್ದು ಎಲ್ಲಿಂದ? ಅದು ನೀರಿನೊಳಗೇ ಇತ್ತು.

ನದಿಯ ನೀರು ಎಷ್ಟೇ ಸಿಹಿಯಾಗಿರಲಿ, ಅದರಲ್ಲಿ ಒಂದಿಷ್ಟು ಲವಣ ಕರಗಿರುತ್ತದೆ. ಲೆಕ್ಕಕ್ಕೆ, ಲೀಟರಿಗೆ ಅರ್ಧ ಗ್ರಾಂ ಎಂದುಕೊಳ್ಳೋಣ. ನಾಲಗೆಗೆ ಅಷ್ಟಾಗಿ ತಿಳಿಯದು. ಒಂದು ಹೆಕ್ಟೇರ್ ಹೊಲಕ್ಕೆ ವರ್ಷದಲ್ಲಿ ಒಟ್ಟು ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರೆ ಅದು ಒಂದು ಕೋಟಿ ಲೀಟರ್. ಅದರೊಡನೆ ಬಂದ ಉಪ್ಪು ಐದು ಟನ್. ನೀರನ್ನು ಬಿಸಿಲು ಕುಡಿಯುತ್ತದೆ, ಉಪ್ಪನ್ನು ಕುಡಿಯುವುದಿಲ್ಲ. ನೆಲ ಇಳಿಜಾರಾಗಿದ್ದು ನೀರು ಬಸಿದು ಹೋದರೆ ಉಪ್ಪೂ ಅದರೊಡನೆ ಹೋಗುತ್ತದೆ. ಆದರೆ ದಕ್ಷಿಣ ಇರಾಕಿನ ನೆಲ ಹಲಗೆಯಂತೆ ಸಮತಟ್ಟು. ಸಮುದ್ರದಿಂದ 500 ಕಿಲೋಮೀಟರಿಗೂ ಹೆಚ್ಚು ದೂರವಿರುವ ಬಾಗ್ದಾದ್ ನಗರ ಸಮುದ್ರಮಟ್ಟಕ್ಕಿಂತ ಸುಮಾರು 34 ಮೀಟರ್ ಮಾತ್ರ ಎತ್ತರದಲ್ಲಿದೆ. ಹಾಯಿಸಿದ ನೀರಿಗೆ ಹೋಗಲು ದಾರಿಯಿಲ್ಲ. ಅದು ಕೆಳಗಿಳಿದು ಅಂತರ್ಜಲ ಸೇರಿ ಅದರ ಮಟ್ಟವನ್ನು ಏರಿಸುತ್ತದೆ. ಬೇರಿನ ಹತ್ತಿರದವರೆಗೆ ಏರಿದ ಉಪ್ಪುನೀರನ್ನು, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ, ಮಣ್ಣು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗಿ ಹೋಗುತ್ತದೆ. ನೆಲದ ಮೇಲೆ ಬಿಳಿಯ ಪೊರೆ ಉಳಿಯುತ್ತದೆ.

ಸುಮೇರಿನ ರೈತರಿಗೆ ಇದರ ಅರಿವಿರಲಿಲ್ಲವೆಂದಲ್ಲ. ಮಗನಿಗೆ ತಂದೆ ಹೇಳುವ ಬುದ್ಧಿಮಾತಿನ ರೂಪದಲ್ಲಿ ಒಂದು ಸುಮೇರಿಯನ್ ಕೃಷಿ ಪಾಠವಿದೆ. ಹೊಲಕ್ಕೆ ಮೊದಲ ನೀರು ಬಿಟ್ಟಾಗ ಅದು ಮಿತಿಮೀರಿ ಏರದಂತೆ ನೋಡಿಕೋ, ನೀರಿಳಿದ ಮೇಲೆ ಎತ್ತುಗಳಿಂದ ಕಳೆ ತುಳಿಸು, ಹೆಂಟೆ ಒಡೆಸು, ಪೈರು ಯಾವ ಯಾವ ಹಂತಕ್ಕೆ ಬಂದಾಗ ಮತ್ತೆ ನೀರು ಕೊಡಬೇಕು, ಪೈರು ಕೆಂಪಾದರೆ ಅದು ರೋಗದ ಗುರುತು ಎಂದು ಒಂದೊಂದನ್ನೂ ಅದು ಹೇಳುತ್ತದೆ. ಬೀಜ ಬೀಳುವ ಆಳ ಒಂದೇ ಸಮವಾಗಿರಬೇಕೆನ್ನುತ್ತದೆ. ಅವರ ನೇಗಿಲಿಗೆ ಬೀಜ ಇಳಿಬಿಡುವ ಕೊಳವೆಯಿತ್ತು. ನಮ್ಮ ಉತ್ತರ ಕರ್ನಾಟಕದ ಕೂರಿಗೆಯನ್ನು ಕಂಡವರಿಗೆ ಅದರ ಕೆಲಸ ಥಟ್ಟನೆ ಅರ್ಥವಾದೀತು.

ಉಪ್ಪಿಗೆ ಅವರು ಕಂಡುಕೊಂಡಿದ್ದ ಮದ್ದು ವಿಶ್ರಾಂತಿ. ಒಂದು ವರ್ಷ ಬೆಳೆದ ಹೊಲವನ್ನು ಮರುವರ್ಷ ಬೀಳು ಬಿಡುತ್ತಿದ್ದರು. ಬೀಳು ಬಿಟ್ಟ ನೆಲದಲ್ಲಿ ಆಳಕ್ಕೆ ಬೇರಿಳಿಸುವ ಮುಳ್ಳುಗಿಡಗಳು ಬೆಳೆಯುತ್ತಿದ್ದವು. ಅವು ಒಳಗಿನ ತೇವ ಹೀರಿ ಅಂತರ್ಜಲದ ಮಟ್ಟ ಇಳಿಸುತ್ತಿದ್ದವು. ಮುಂದಿನ ಸಲ ನೀರು ಹಾಯಿಸಿದಾಗ ಮೇಲಿನ ಉಪ್ಪು ಒಣಗಿದ ಕೆಳಪದರಕ್ಕೆ ಇಳಿದು ಹೋಗುತ್ತಿತ್ತು. ಇತ್ತೀಚಿನ ಕಾಲದವರೆಗೂ ಇರಾಕಿನ ಹಳ್ಳಿಗರು ನಡೆಸಿಕೊಂಡು ಬಂದ ಪದ್ಧತಿ ಇದು. ಹಳ್ಳಿಗೆ ಗೊತ್ತಿದ್ದ ಈ ಸಂಯಮ ಅರಮನೆಗೆ ಒಗ್ಗುವುದು ಕಷ್ಟ. ಸೈನ್ಯಕ್ಕೆ ಪಡಿ ಬೇಕು, ಹೊಸ ದೇವಾಲಯಕ್ಕೆ ಕೂಲಿ ಬೇಕು, ಸಾಲಕ್ಕೆ ಬಡ್ಡಿ ಬೇಕು. ಬೀಳು ಬಿಟ್ಟ ಹೊಲ ಕಂದಾಯ ಕೊಡುವುದಿಲ್ಲ. ಬೀಳಿನ ನಿಯಮ ಮುರಿದಾಗಲೆಲ್ಲ ನೆಲ ಕೆಟ್ಟಿತು ಎಂದು ಪುರಾತತ್ವಜ್ಞ ಮೆಗ್ವೈರ್ ಗಿಬ್ಸನ್ 1974ರಲ್ಲಿ ವಾದಿಸಿದರು.

ಉಪ್ಪಿನ ಕಥೆಯನ್ನು ಜಗತ್ತಿನ ಮುಂದಿಟ್ಟದ್ದು 1958ರಲ್ಲಿ ಥಾರ್ಕಿಲ್ಡ್ ಜಾಕೊಬ್‌ಸನ್ ಮತ್ತು ರಾಬರ್ಟ್ ಆಡಮ್ಸ್ ಬರೆದ ಲೇಖನ. ಗೋಧಿ ಉಪ್ಪನ್ನು ತಡೆಯದು, ಬಾರ್ಲಿ ಅದಕ್ಕಿಂತ ಹೆಚ್ಚು ತಡೆಯುತ್ತದೆ. ಅವರ ಲೆಕ್ಕದಂತೆ ಕ್ರಿ.ಪೂ. 3500ರ ಸುಮಾರಿನಲ್ಲಿ ದಕ್ಷಿಣದಲ್ಲಿ ಗೋಧಿ ಮತ್ತು ಬಾರ್ಲಿ ಹೆಚ್ಚುಕಡಿಮೆ ಸಮಸಮ. ಸಾವಿರ ವರ್ಷಗಳ ನಂತರ ಗೋಧಿಯ ಪಾಲು ಆರನೆಯ ಒಂದಕ್ಕೆ ಇಳಿಯಿತು. ಕ್ರಿ.ಪೂ. 2100ರ ಹೊತ್ತಿಗೆ ಲಗಶ್ ರಾಜ್ಯದ ಗಿರ್ಸುವಿನಲ್ಲಿ ಶೇಕಡಾ ಎರಡು. ಬಾರ್ಲಿಯ ಇಳುವರಿಯೂ ಕುಸಿಯಿತು: ಕ್ರಿ.ಪೂ. 2400ರ ಸುಮಾರಿನಲ್ಲಿ ಗಿರ್ಸುವಿನಲ್ಲಿ ಹೆಕ್ಟೇರಿಗೆ 2,537 ಲೀಟರ್, 2100ರಲ್ಲಿ 1,460 ಲೀಟರ್, 1700ರ ಸುಮಾರಿಗೆ ಹತ್ತಿರದ ಲಾರ್ಸಾದಲ್ಲಿ 897 ಲೀಟರ್.

ಇದರಲ್ಲಿ ಇನ್ನೊಂದು ವಿಪರ್ಯಾಸವನ್ನೂ ಅವರು ಗುರುತಿಸಿದರು. ಉಮ್ಮದವರು ಮೇಲಿನಿಂದ ನೀರು ತಡೆಯುತ್ತಾರೆಂದು ಬೇಸತ್ತ ಎನ್ಮೆತೆನ, ಅವರ ಹಂಗೇ ಬೇಡವೆಂದು ಟೈಗ್ರಿಸ್ ನದಿಯಿಂದ ಲಗಶ್‌ಗೆ ಬೇರೆಯೇ ಕಾಲುವೆ ತಂದ. ನೀರಿನ ಬರ ನೀಗಿತು. ನೀರು ಯಥೇಚ್ಛವಾಯಿತು. ಯಥೇಚ್ಛವಾದ ನೀರು ಇಂಗಿ ಅಂತರ್ಜಲ ಏರಿತು, ಅದರ ಹಿಂದೆಯೇ ಉಪ್ಪು ಬಂತು. ವ್ಯಾಜ್ಯ ಗೆದ್ದ ಕಾಲುವೆಯೇ ಹೊಲಕ್ಕೆ ಮುಳುವಾಯಿತು ಎಂಬುದು ಅವರ ತರ್ಕ.

ಎಲ್ಲರೂ ಇದನ್ನು ಒಪ್ಪಿಲ್ಲವೆನ್ನುವುದನ್ನೂ ಹೇಳಬೇಕು. ಅಂದಿನ ಅಳತೆಗಳನ್ನು ಇಂದಿನ ಲೀಟರಿಗೆ ತಂದ ರೀತಿ ಸರಿಯಿಲ್ಲ, ಸುಮೇರಿಯನ್ನರು ಉಪ್ಪನ್ನು ಸಾಕಷ್ಟು ನಿಭಾಯಿಸುತ್ತಿದ್ದರು ಎಂದು ಮಾರ್ವಿನ್ ಪೊವೆಲ್ 1985ರಲ್ಲಿ ಆಕ್ಷೇಪಿಸಿದರು. ನದಿಗಳು ಪಾತ್ರ ಬದಲಿಸಿದ್ದು, ಯುದ್ಧ, ಬರಗಾಲ ಇವೂ ತಮ್ಮ ಪಾಲಿನ ಕೆಲಸ ಮಾಡಿವೆ. ಉಪ್ಪೊಂದೇ ಸುಮೇರನ್ನು ಕೊಂದಿತು ಎನ್ನುವುದು ಅವಸರದ ತೀರ್ಪಾದೀತು. ಆದರೆ ಉಪ್ಪು ಅಲ್ಲಿದ್ದದ್ದು ನಿಜ. ಅಂದಿನ ಭೂಮಾಪಕರು ಕೆಲವು ಹೊಲಗಳನ್ನು ಸವಳು ಎಂದೇ ಗುರುತಿಸಿದ್ದಾರೆ. ಮೇಲೆ ಹೇಳಿದ ಅತ್ರಹಾಸಿಸ್ ಕಾವ್ಯದಲ್ಲಿ ದೇವರು ಮನುಷ್ಯರಿಗೆ ಕೊಡುವ ಶಿಕ್ಷೆಗಳಲ್ಲಿ ಕಪ್ಪು ಹೊಲ ಬೆಳ್ಳಗಾಗುವುದೂ ಒಂದು. ಹಮ್ಮುರಾಬಿಯ ಮಗ ಸಂಸುಇಲುನನ ಕಾಲದಲ್ಲಿ, ಕ್ರಿ.ಪೂ. 18ನೆಯ ಶತಮಾನದ ಉತ್ತರಾರ್ಧದಲ್ಲಿ, ದಕ್ಷಿಣದ ಹಳೆಯ ನಗರಗಳು ಒಂದೊಂದಾಗಿ ಬರಿದಾದವು. ಅಧಿಕಾರದ ಕೇಂದ್ರ ಉತ್ತರದ ಬ್ಯಾಬಿಲೋನ್ ಕಡೆಗೆ ಸರಿಯಿತು.

ನೈಲ್ ಉಳಿದದ್ದು ಹೇಗೆ?

ಅದೇ ಕಾಲದ ಈಜಿಪ್ಟಿನ ಹೊಲಗಳು ಹಾಗೆ ಕೆಡಲಿಲ್ಲ. ಅಲ್ಲಿನ ರೈತ ಹೆಚ್ಚು ಪುಣ್ಯವಂತನೆಂದಲ್ಲ. ನೈಲ್ ಪ್ರತಿವರ್ಷ ಹೊಲದ ಮೇಲೆ ಹರಡಿ, ಕೆಲವು ವಾರ ನಿಂತು, ಮತ್ತೆ ನದಿಗೆ ಇಳಿಯುವಾಗ ಮಣ್ಣಿನ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ನೀರು ತರುವ ಕೆಲಸವನ್ನೂ ಹೊರಹಾಕುವ ಕೆಲಸವನ್ನೂ ನದಿಯೇ ಮಾಡುತ್ತಿತ್ತು. 1970ರಲ್ಲಿ ಆಸ್ವಾನ್ ಮಹಾ ಅಣೆಕಟ್ಟು ಮುಗಿದ ನಂತರ ಆ ಪ್ರವಾಹ ನಿಂತಿತು. ವರ್ಷವಿಡೀ ನಾಲೆಯ ನೀರು ಬಂತು. ಅದರೊಡನೆ ಅಲ್ಲಿಯೂ ಉಪ್ಪಿನ ತೊಂದರೆ ಹೆಚ್ಚಿ, ನೆಲದಡಿಯಲ್ಲಿ ಕೊಳವೆ ಹೂಳಿ ನೀರು ಬಸಿಯುವ ದುಬಾರಿ ಕೆಲಸವನ್ನು ಕೈಗೊಳ್ಳಬೇಕಾಯಿತು. ಇರಾಕ್ ಕೂಡ 1992ರಲ್ಲಿ, ಎರಡು ನದಿಗಳ ನಡುವೆ 565 ಕಿಲೋಮೀಟರ್ ಉದ್ದದ ಬಸಿಗಾಲುವೆಯನ್ನು ಪೂರ್ತಿಗೊಳಿಸಿತು. ಹೊಲಗಳ ಉಪ್ಪುನೀರನ್ನು ಸಮುದ್ರಕ್ಕೆ ಒಯ್ಯುವ ಈ ಕಾಲುವೆಯನ್ನು ಮೂರನೆಯ ನದಿ ಎನ್ನುತ್ತಾರೆ. ಎನ್ಮೆತೆನನ ಕಾಲುವೆಗೆ ಜೊತೆಯಾಗಿ ಬೇಕಾಗಿದ್ದದ್ದು ಅದೇ. ನಾಲ್ಕು ಸಾವಿರ ವರ್ಷಕ್ಕೂ ಮಿಕ್ಕಿ ತಡವಾಯಿತು.

ಈ ಕಥೆಯನ್ನು ದೂರದ ದೇಶದ ಹಳೆಯ ಸಂಗತಿಯೆಂದು ಓದಿ ಮಡಿಸಿಡುವ ಹಾಗಿಲ್ಲ. ತುಂಗಭದ್ರಾ ಜಲಾಶಯದ ನೀರು 1953ರಲ್ಲಿ ನಾಲೆಗೆ ಹರಿದಾಗ ಯೋಜನೆಯ ಉದ್ದೇಶ ಸ್ವಲ್ಪ ನೀರನ್ನು ಬಹಳ ನೆಲಕ್ಕೆ ಹಂಚುವುದಾಗಿತ್ತು. ಹೆಚ್ಚಿನ ಭಾಗದಲ್ಲಿ ಜೋಳ, ಹತ್ತಿ, ಶೇಂಗಾದಂಥ ಮಿತನೀರಾವರಿ ಬೆಳೆಗಳೆಂದು ನಿಗದಿಯಾಗಿತ್ತು. ಆದರೆ ನಾಲೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಕೊನೆ ಭಾಗದ ರೈತ ನೀರಿಗಾಗಿ ಬಾಯಿಬಿಡುತ್ತಿರುವಾಗ ಮೇಲ್ಭಾಗದಲ್ಲಿ ನೀರು ನಿಂತು ನೆಲ ಕೆಟ್ಟಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯ ರೈತರಿಗೆ ‘ಸವಳು–ಜವಳು’ ಎಂಬ ಜೋಡಿಪದದ ಅರ್ಥ ನಿಘಂಟು ನೋಡಿ ತಿಳಿಯಬೇಕಾಗಿಲ್ಲ. ಕೃಷ್ಣಾ ತೀರದ ಕಬ್ಬಿನ ಹೊಲಗಳಲ್ಲೂ ಅದೇ ಬಿಳಿಯ ಪೊರೆ ಕಂಡಿದೆ. ಕೆಲವೆಡೆ ನೆಲದಡಿ ತೂತಿನ ಕೊಳವೆ ಹೂಳಿ ಕೆಟ್ಟ ಹೊಲವನ್ನು ಮತ್ತೆ ಫಸಲಿಗೆ ತಂದದ್ದೂ ಉಂಟು. ಅಂದರೆ ರೋಗ ಹಳೆಯದು, ಮದ್ದೂ ಗೊತ್ತಿರುವಂಥದು.

ಸುಮೇರಿನ ಜನ ನಮಗೆ ಬಿಟ್ಟುಹೋದದ್ದು ಕಡಿಮೆಯಲ್ಲ. ಬರವಣಿಗೆ, ಲೆಕ್ಕ, ಬರೆದಿಟ್ಟ ಕಾನೂನು, ಗಂಟೆಯನ್ನು 60 ನಿಮಿಷವಾಗಿ ಎಣಿಸುವ ಪದ್ಧತಿಯ ಮೂಲ, ಎಲ್ಲವೂ ಆ ಕಾಲುವೆಗಳ ಬದಿಯ ಬದುಕಿನಿಂದ ಬಂದವು. ಹೊಲದ ಮೇಲೆ ಎದ್ದ ಉಪ್ಪು ಕೂಡ ಅವರು ಬಿಟ್ಟುಹೋದ ಒಂದು ಬರಹವೇ. ನೀರು ತರುವುದು ಅರ್ಧ ಕೆಲಸ, ಕುಡಿದು ಉಳಿದ ನೀರಿಗೆ ದಾರಿ ಬಿಡುವುದು ಉಳಿದರ್ಧ ಎಂದು ಅದು ಹೇಳುತ್ತದೆ. ಹಮ್ಮುರಾಬಿ ತಾನು ತೋಡಿಸಿದ ಕಾಲುವೆಯ ಹೆಸರನ್ನು ಒಂದು ವರ್ಷಕ್ಕೇ ಇಟ್ಟ. ನಮ್ಮಲ್ಲೂ ನಾಲೆಗೆ ಮೊದಲ ನೀರು ಬಿಡುವ ದಿನ ಹೂವು, ಅರಿಶಿನ, ಕುಂಕುಮ, ಬಾಗಿನ, ಭಾಷಣ ಎಲ್ಲವೂ ಇರುತ್ತವೆ. ಹೊಲದ ಕೆಳಗಿನ ಬಸಿಗಾಲುವೆಗೆ ಅಂಥದೊಂದು ಪೂಜೆ ಸಲ್ಲುವ ದಿನ ಇನ್ನೂ ಬರಬೇಕಾಗಿದೆ.